ಸೋರೆಕಾಯಿ ಮಫಿನ್ನೂ ಮಾವನ ಹೆಬ್ಬೆರಳೂ

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಕಾಲಿನ ಹೆಬ್ಬೆರಳಿನಿಂದ. ತೋಟದಲ್ಲಿ ಒಣಗರಿಯ ಸಿಬಿರು ಚುಚ್ಚಿತ್ತು. ಅಂಥ ಗಾಯಕ್ಕೆ ಅರಿಸಿನ ಮೆತ್ತಿ ಮರೆಯುವ ಮನುಷ್ಯ ಅವರು. ಇದು ಮಾತ್ರ ತಿಂಗಳಾದರೂ ಒಣಗಲಿಲ್ಲ. ತುರುವೇಕೆರೆಯ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆ ಬರೆದು, “ಸಿಹಿ ಬಿಡಿ. ಬಿಡದಿದ್ದರೆ ಬೆರಳು ತೆಗೀಬೇಕಾಗುತ್ತೆ” ಎಂದರು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಮಾವ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರಂತೆ. ಬೆರಳಿನ ಚಿಂತೆಯಲ್ಲ, ಸಿಹಿಯದು ಎಂದರು ನನ್ನ ಯಜಮಾನರು. ಊಟದ ಮೇಲೆ ಒಂದು ಚೂರು ಕೊಬ್ಬರಿ ಬೆಲ್ಲ ಬಾಯಿಗೆ ಬೀಳದಿದ್ದರೆ ಊಟವೇ ಆಗಿಲ್ಲ ಎನ್ನುವ ಸೀಮೆ ನಮ್ಮದು.

ಈ ಸಂಕಟಕ್ಕೆ ಪರಿಹಾರ ನನ್ನ ಬಳಿ ಇತ್ತು. ಇದೆ ಎಂದು ನಾನು ನಂಬಿದ್ದೆ ಎನ್ನುವುದು ಹೆಚ್ಚು ಸರಿ. ಮದುವೆಗೆ ಮುಂಚೆ ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೇಕ್ ಕ್ಲಾಸಿಗೆ ಹೋಗಿದ್ದೆ. ತವರಿನವರು ಕೊಟ್ಟ ದುಂಡನೆಯ ಅಲ್ಯೂಮಿನಿಯಂ ಓವನ್ನು ಅಟ್ಟದ ಮೇಲೆ ಕೊಬ್ಬರಿಯ ಜೊತೆ ತಾನೂ ಒಣಗುತ್ತಿತ್ತು. ಇಳಿಸಿ ಒರೆಸಿದೆ. ಸಕ್ಕರೆ ಇಲ್ಲ, ಮೈದಾ ಇಲ್ಲ, ಮೊಟ್ಟೆ ನಮ್ಮ ಅಡಿಗೆಮನೆಯ ಹೊಸಿಲು ದಾಟುವಂತಿಲ್ಲ. ಗೋಧಿಹಿಟ್ಟು, ಮೊಸರು, ಸೋಡ, ತುರಿದ ಸೋರೆಕಾಯಿ, ಹೆಸರಿಗೆ ಒಂದಿಷ್ಟು ಖರ್ಜೂರ. ಅಚ್ಚಿಗೆ ತೆಂಗಿನ ಚಿಪ್ಪು. ಅದಕ್ಕೆ ನಮ್ಮಲ್ಲೇನು ಬರವೇ?

“ಮಾವನ ಕೈಗೆ ಚಿಪ್ಪು ಕೊಡ್ತಾವ್ಳೆ ನೋಡು” ಎಂದರು ಅತ್ತೆ.

ಮೊದಲ ಸಲ ಸೋರೆಕಾಯಿಯ ನೀರು ಹಿಂಡಿರಲಿಲ್ಲ. ಮೇಲೆ ಇದ್ದಿಲು, ಒಳಗೆ ಅಂಬಲಿ. ಮುಂದಿನ ಸಲ ನೀರು ಹಿಂಡಿ, ಆರೋಗ್ಯ ಇನ್ನಷ್ಟು ಹೆಚ್ಚಲೆಂದು ರಾಗಿಹಿಟ್ಟು ಬೆರೆಸಿದೆ. ಚಿಪ್ಪು ಒಡೆಯಿತು, ಮಫಿನ್ ಒಡೆಯಲಿಲ್ಲ. ಮತ್ತೊಮ್ಮೆ ಎಲ್ಲವೂ ಚೆನ್ನಾಗಿ ಉಬ್ಬುತ್ತಿದ್ದಾಗ ಕರೆಂಟು ಹೋಯಿತು. ಕ್ಯಾರೆಟ್ ಹಾಕಿದ ದಿನ ಮಾತ್ರ ತಿನ್ನುವಂತೆ ಬಂದವು. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸುಟ್ಟದ್ದನ್ನು ಯಜಮಾನರು ಎಮ್ಮೆಗೆ ಹಾಕಿದರು. ಹುಳಿತ ಮುಸುರೆಯನ್ನೂ ಬಿಡದ ಆ ಎಮ್ಮೆ ಮೂಸಿ ಮುಖ ತಿರುಗಿಸಿತು.

ಮಾವ ಮಾತ್ರ ಕರಿಕಲನ್ನೂ ಪೂರ್ತಿ ತಿಂದರು. “ಚೆನ್ನಾಗೈತೆ ಕಣವ್ವ” ಎಂದರು. ಆ ಮನೆಗೆ ಬಂದ ಮೇಲೆ ನನ್ನ ಅಡಿಗೆಯನ್ನು ಯಾರಾದರೂ ಹಾಗೆಂದದ್ದು ಅದೇ ಮೊದಲು. ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಸಂಜೆ ಅವರೇ ಕರೆದು, “ನಾವೇ ತಿಂದ್ರೆ ಏನು ಬಂತು? ಅಕ್ಕಪಕ್ಕದೋರಿಗೂ ಕೊಡವ್ವ. ಅನ್ನ ಬಿಸಾಡಬಾರ್ದು” ಎಂದರು.

ಅಲ್ಲಿಂದ ಓವನ್ನಿಗೆ ಬಿಡುವಿಲ್ಲ. ಯಾವ ಮನೆಗೆ ಎಂಬುದನ್ನು ಮಾವನೇ ನಿರ್ಧರಿಸುತ್ತಿದ್ದರು. ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತು, “ಇವತ್ತು ಮೂಲೆಮನೆಗೆ ಕೊಟ್ ಬಾ. ಎದುರುಮನೆಗೆ ಬ್ಯಾಡ ಬುಡು, ಜಿಪುಣ್ರು” ಎನ್ನುತ್ತಿದ್ದರು. ಡಬ್ಬಗಳು ಮಧ್ಯಾಹ್ನ ನಾವು ಹೆಂಗಸರು ಮಲಗಿದ್ದಾಗ ವಾಪಸ್ಸು ಬರುತ್ತಿದ್ದವು. ಎದ್ದು ನೋಡಿದರೆ ತೊಳೆದು ಬೋರಲು ಹಾಕಿರುತ್ತಿತ್ತು. ತೊಳೆಯುತ್ತಿದ್ದವರು ಮಾವ. ಕುಡಿದ ಲೋಟವನ್ನು ಗಂಡಸರು ಎತ್ತಿಡದ ಮನೆ ನಮ್ಮದು. ಕಾಯಿಲೆ ಮನುಷ್ಯನಿಗೆ ಎಷ್ಟು ವಿನಯ ಕಲಿಸುತ್ತದೆ ಎಂದು ತವರಿನಲ್ಲೆಲ್ಲ ಹೇಳಿಕೊಂಡು ಬಂದೆ.

ವಿನಯ ಹೆಚ್ಚಿತು, ಗಾಯವೂ ಹೆಚ್ಚಿತು. ಡಾಕ್ಟರು ಬೆರಳನ್ನು ಒತ್ತಿ ನೋಡಿ, ಮಾತ್ರೆ ಏರಿಸಿ, ಇದೇ ಕೊನೆಯ ಅವಕಾಶ ಎಂದರು. ನನಗೆ ನಿದ್ದೆ ಬರಲಿಲ್ಲ. ತಪ್ಪು ಖರ್ಜೂರದ್ದೇ ಎಂದು ಅದನ್ನೂ ಕೈಬಿಟ್ಟೆ.

ಬಾವಿಯ ಹತ್ತಿರ ಮೂಲೆಮನೆಯಾಕೆ ಸಿಕ್ಕಿದರು. “ಮೊನ್ನೆ ಕಾಯಿ ಹೋಳಿಗೆ ಹೆಂಗಿತ್ತವ್ವ? ಮನೆಮಂದಿಗೆಲ್ಲ ಹಿಡಿಸ್ತು ಅಂದ್ರು ನಿಮ್ಮ ಮಾವ.”

ಕೊಡ ಅಲ್ಲೇ ಬಿಟ್ಟು ಬಂದೆ. ನಮ್ಮ ಕಡೆ ಯಾರ ಮನೆಯ ಪಾತ್ರೆಯೂ ಬರಿದಾಗಿ ವಾಪಸ್ಸು ಹೋಗುವುದಿಲ್ಲ. ಹುಟ್ಟಿದಾಗಿನಿಂದ ಕಂಡ ಪದ್ಧತಿ ಆ ಓವನ್ನಿನ ಗುಂಗಿನಲ್ಲಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಒಂದು ಡಬ್ಬ ಸೋರೆಕಾಯಿ ಮಫಿನ್ ಹೋದರೆ ಒಂದು ಡಬ್ಬ ಹೋಳಿಗೆ, ಸಜ್ಜಪ್ಪ, ಕೊಬ್ಬರಿ ಮಿಠಾಯಿ ಬರುತ್ತಿತ್ತು. ಸಿಹಿಯನ್ನು ಓಡಿಸಲು ಹೊರಟವಳು ಊರಿನ ಸಿಹಿಯನ್ನೆಲ್ಲ ಮನೆಗೆ ಕರೆಸಿಕೊಂಡಿದ್ದೆ.

“ಬೆರಳು ಹೋದ್ರೆ ಏನು ಮಾಡ್ತೀರಿ ಮಾವ?” ಎಂದು ಕೇಳಿದೆ.

“ಕೊಟ್ಟಿದ್ದ ಬ್ಯಾಡ ಅನ್ನಾಕಾಯ್ತದಾ ಕಣವ್ವ? ಮರ್ವಾದೆ ಅಲ್ಲ.”

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. “ಹಂಗಾದ್ರೆ ಚೆನ್ನಾಗೈತೆ ಅಂದಿದ್ದೂ ಸುಳ್ಳಾ?”

ಮಾವ ಪಟ್ಟಿ ಕಟ್ಟಿದ ಬೆರಳನ್ನೇ ನೋಡುತ್ತಾ ಕುಳಿತರು. “ಕ್ಯಾರೆಟ್ಟಿಂದು ಚೆನ್ನಾಗಿತ್ತು” ಎಂದರು.

ಅದೇ ಸಂಜೆ ಮನೆಮನೆಗೆ ಹೋಗಿ ಸಿಹಿ ಕೊಡಬೇಡಿ ಎಂದು ಬೇಡಿಕೊಂಡೆ. ಎಲ್ಲರೂ ಲೊಚಗುಟ್ಟಿದರು, ಒಪ್ಪಿದರು. ಆದರೆ ಬರೀ ಡಬ್ಬ ಕೊಡುವುದು ಹೇಗೆ? ಬದಲಿಗೆ ತರಕಾರಿ ತುಂಬಿ ಕಳಿಸಿದರು. ಡಬ್ಬದೊಳಗೆ ಹುರುಳೀಕಾಯಿ, ಅದರ ಜೊತೆಗೆ ಕಂಕುಳಲ್ಲೊಂದು ಸೋರೆಕಾಯಿ. ಆ ರಾಶಿಯನ್ನು ಖಾಲಿ ಮಾಡಲು ಮತ್ತೆ ಮಫಿನ್ ಮಾಡಲೇಬೇಕು, ಮಾವ ತಿನ್ನಲೇಬೇಕು. ತಿಂದರು. ಮೊದಲಿನ ಹೊಗಳಿಕೆ ಮಾತ್ರ ಕೇಳಿಬರಲಿಲ್ಲ.

ಗಾಯ ನಿಧಾನವಾಗಿ ಒಣಗಿತು. ಬೆರಳು ಉಳಿಯಿತು. ಡಾಕ್ಟರು ತಮ್ಮ ಮಾತ್ರೆಯನ್ನು ಹೊಗಳಿಕೊಂಡರು, ಅತ್ತೆ ತಮ್ಮ ಹರಕೆಯನ್ನು. ಮಫಿನ್ನಿನ ಹೆಸರೆತ್ತಿದವರು ಯಾರೂ ಇಲ್ಲ.

ಕಾಲಿಗೆ ಚಪ್ಪಲಿ ಹತ್ತಿದ ಮೊದಲ ದಿನವೇ ಮಾವ ದಬ್ಬೇಘಟ್ಟದ ಮಗಳ ಮನೆಗೆ ಹೊರಟರು. “ಒಂದು ಡಬ್ಬ ಮಫಿನ್ನು ಕಟ್ಟವ್ವ. ಮಗಳ ಮನೆಗೆ ಬರಿಗೈಲಿ ಹೋಗಬಾರ್ದು.”

ನಾನು ಮನೆಯನ್ನೆಲ್ಲ ಹುಡುಕಿ ಎಲ್ಲಕ್ಕಿಂತ ಚಿಕ್ಕ ಡಬ್ಬ ತೆಗೆದೆ. ಒಂದೇ ಒಂದು ಮಫಿನ್ ಹಿಡಿಯಿತು. ಮಾವ ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು, ಚೀಲಕ್ಕೆ ಹಾಕಿಕೊಂಡರು. ಕೋಲಿಲ್ಲದೆ, ಕುಂಟದೆ ಬಸ್ಸಿನ ಕಡೆ ನಡೆದ ಅವರನ್ನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಏನೇ ಹೇಳಿ, ಸಂತೋಷವಾಯಿತು.

ಸಂಜೆ ವಾಪಸ್ಸು ಬಂದವರು ಡಬ್ಬವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ತೊಳೆದಿತ್ತು.