ಕುತ್ತಾಕ್ಕೆ ಸುತ್ತಿದ ಅರಿವೆ

ಸಿಂಧನೂರಿನಲ್ಲಿ ನೌಕರಿಗೆ ಸೇರಿದ ಮೇಲೆ, ತೊಂಬತ್ತರ ದಶಕದ ಮೊದಲಿಗೆ, ಒಂದು ಮುಂಜಾನೆ ನನ್ನ ಸೈಕಲ್ಲಿನ ಪೆಡಲ್ ಎಷ್ಟು ತುಳಿದರೂ ಗಾಲಿ ತಿರುಗದಂತಾಯಿತು. ರಿಪೇರಿಯವನು ಹಿಂದಿನ ಗಾಲಿಯ ಫ್ರೀವೀಲ್ ಬಿಚ್ಚಿ ನೋಡಿ, “ಕುತ್ತಾ ಏಳವಲ್ದುರೀ ಅಕ್ಕಾರ, ಕೆಸರು ಕುಂತೈತಿ” ಎಂದ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಆ ಮಾತು ಕಿವಿಗೆ ಬಿದ್ದು ಬಹಳ ವರ್ಷಗಳಾಗಿದ್ದವು.

ಕುತ್ತಾ ಎಂದರೆ ಉರ್ದುವಿನಲ್ಲಿ ನಾಯಿ. ಆ ಹೆಸರಿನ ಕಬ್ಬಿಣದ ತುಂಡನ್ನು ನಾನು ಮೊದಲು ನೋಡಿದ್ದು ಮಸ್ಕಿಯ ನಮ್ಮ ಮನೆಯ ಹಿತ್ತಲಲ್ಲಿ, ಬಾವಿಯ ಮೇಲೆ ಹೂಡಿದ್ದ ರಾಟಿಯಲ್ಲಿ. ನಾನಿನ್ನೂ ಹುಡುಗಿಯಾಗಿದ್ದ ಆ ಬೇಸಿಗೆ ಬಾವಿಯನ್ನು ಇನ್ನಷ್ಟು ಆಳ ಮಾಡಬೇಕೆಂದು ಅಪ್ಪ ಲಿಂಗಸುಗೂರಿನಿಂದ ರಾಟಿ ತರಿಸಿದ್ದ. ಅಕ್ಕ ಬಾಣಂತನಕ್ಕೆ ಬಂದು ಒಳಗಿನ ಕೋಣೆಯಲ್ಲಿದ್ದಳು. ಕೂಸು ನೋಡಲು ಬಂದ ಅವಳ ಗಂಡ, ನಾನು ಮಾಮ ಎಂದು ಕರೆಯುತ್ತಿದ್ದವನು, ಬಾವಿ ಕಡಿಯುವುದರಲ್ಲಿ ಪಳಗಿದವನು. ಸುಮ್ಮನೆ ಕೂಡಲಾರದೆ ತಾನೇ ಕೆಳಗಿಳಿದ.

ಕಬ್ಬಿಣದ ಹಗ್ಗ ಸುತ್ತಿಕೊಳ್ಳುವ ಉರುಳೆಯ ಒಂದು ತುದಿಗೆ ಹಲ್ಲಿನ ಚಕ್ರವಿತ್ತು. ಪ್ರತಿ ಹಲ್ಲೂ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ನೆಟ್ಟಗೆ. ಚಕ್ರದ ಮೇಲೆ ಮೊಳೆಗೆ ಸಿಕ್ಕಿಸಿದ ಒಂದು ಕಬ್ಬಿಣದ ತುಂಡು ನಾಲಿಗೆಯಂತೆ ಒರಗಿರುತ್ತಿತ್ತು. ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಬುಟ್ಟಿ ಮೇಲೆ ಬರುವಾಗ ಹಲ್ಲಿನ ಇಳಿಜಾರು ಆ ತುಂಡನ್ನು ಎತ್ತುತ್ತಿತ್ತು. ಹಲ್ಲು ದಾಟಿದ ಕೂಡಲೇ ಅದು ತನ್ನ ಭಾರಕ್ಕೇ ಮುಂದಿನ ಸಂದಿಗೆ ಟಕ್ ಎಂದು ಬೀಳುತ್ತಿತ್ತು. ಉರುಳೆ ಹಿಂದಕ್ಕೆ ತಿರುಗಹೋದರೆ ಅದರ ಮೂತಿ ನೆಟ್ಟಗಿನ ಕಡೆಗೆ ಒತ್ತಿ ಅಲ್ಲೇ ನಿಲ್ಲಿಸುತ್ತಿತ್ತು. ಬುಟ್ಟಿ ಇಳಿಸಬೇಕಾದರೆ ಕೈಯಿಂದ ಅದನ್ನು ಎತ್ತಿ ಹಿಡಿಯಬೇಕು.

“ಇದಕ್ಕ ಕುತ್ತಾ ಅಂತಾರ ನೋಡು,” ಎಂದಿದ್ದ ಮಾಮ. “ಬೊಗಳೂದೂ ಇದ, ಕಚ್ಚೂದೂ ಇದ.”

ಅವ್ವ ಬಾಗಿಲ ಮರೆಯಲ್ಲೇ ಇದ್ದಳು. ಅತ್ತೆ ಅಳಿಯನೊಡನೆ ನೇರ ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಆತ ಎದುರಿಗೇ ಕುಳಿತಿದ್ದರೂ, “ಊಟಕ್ಕ ಏಳ್ರಿ ಅಂತ ಹೇಳವ್ವಾ ಅವರಿಗೆ” ಎಂದು ನನಗೆ ಹೇಳುತ್ತಿದ್ದಳು. ಆತನೂ ನನ್ನ ಕಡೆಗೇ ನೋಡಿ, “ಬಂದೆ ಅಂತ ಹೇಳು” ಎನ್ನುತ್ತಿದ್ದ.

ಆ ದಿನ ಊಟವಾದ ಮೇಲೆ ಮಾಮ ಬುಟ್ಟಿಯಲ್ಲಿ ಕುಳಿತು ಕೆಳಗಿಳಿದ. ಅವನನ್ನು ಇಳಿಸಿ, ಅವನು ಕಲ್ಲು ತುಂಬುವವರೆಗೆ ಅಪ್ಪ ಮತ್ತು ಆಳುಮನುಷ್ಯ ಚಹಾ ಕುಡಿಯುತ್ತಿದ್ದರು. ಮುಂಜಾನೆಯಿಂದ ಟಕ್ ಟಕ್ ಸದ್ದಿಗೆ ಬೆಚ್ಚಿ ಬೆಚ್ಚಿ ಅತ್ತ ಕೂಸು ಆಗಷ್ಟೇ ಕಣ್ಣು ಮುಚ್ಚಿತ್ತು. ಅವ್ವ ಹಳೆ ಸೀರೆಯ ಮೆತ್ತನೆಯ ಅರಿವೆಯೊಂದನ್ನು ತಂದು ಆ ಕಬ್ಬಿಣದ ತುಂಡಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು.

“ನಾಯಿ ಬಾಯಿ ಕಟ್ಟಿದ್ರಲ್ರೀ ಅಮ್ಮಾರ! ಇನ್ನ ಕಳ್ಳರು ಬಂದ್ರ?” ಎಂದ ಆಳು.

“ಬಾವ್ಯಾಗ ಏನ ಒಯ್ತಾರೋ, ಕಲ್ಲಾ? ಕೂಸು ಒಂದೀಟು ಮಲಗ್ಲಿ.”

ಅಪ್ಪ ನಕ್ಕ. ನಾನೂ ನಕ್ಕೆ. ಕೆಳಗಿದ್ದವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಪ್ಪ, ಆಳು ಇಬ್ಬರೂ ಉರುಳೆಯ ಎರಡು ಕಡೆಯ ಹಿಡಿಕೆ ತಿರುಗಿಸಿದರು. ಕಲ್ಲು ತುಂಬಿದ ಬುಟ್ಟಿ ಸದ್ದಿಲ್ಲದೆ ಮೇಲೆ ಬಂತು. ನಾನು ಕಟ್ಟೆಯ ಹತ್ತಿರವೇ ಇದ್ದೆ. ಬುಟ್ಟಿ ದಂಡೆಗೆ ಬಂದಾಗ ಎಂದಿನಂತೆ ಇಬ್ಬರೂ ಹಿಡಿಕೆ ಬಿಟ್ಟು ಅದನ್ನು ಈಚೆಗೆ ಎಳೆಯಲು ಕೈ ಚಾಚಿದರು. ಕುತ್ತಾದ ಮೇಲಿನ ನಂಬಿಕೆ ಅದು. ಮುಂಜಾನೆಯಿಂದಲೂ ಹಾಗೇ ಮಾಡಿದ್ದರು. ಮೊದಲು ಹಿಡಿಕೆ ಸ್ವಲ್ಪ ಹಿಂದೆ ಜರುಗಿ ನಿಂತಿತು. ಅರಿವೆಯ ದಪ್ಪಕ್ಕೆ ಆ ತುಂಡು ಸಂದಿಯ ತಳಕ್ಕೆ ಇಳಿದಿರಲಿಲ್ಲ, ಹಲ್ಲಿನ ತುದಿಯ ಮೇಲೆ ಕುಳಿತಿತ್ತು. ಆಮೇಲೆ ಅದು ಜಾರಿತು. ಹಿಡಿಕೆಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿದವು. ಅಪ್ಪ ಹಿಂದಕ್ಕೆ ಬಿದ್ದ. ಬುಟ್ಟಿ ನನ್ನ ಕಣ್ಣೆದುರಿಗಿತ್ತು, ಆಮೇಲೆ ಇರಲಿಲ್ಲ. ಕೆಳಗಿನಿಂದ ಸದ್ದು ಬಂತು. ಆ ಸದ್ದನ್ನು ನಾನು ಹೇಗೂ ವರ್ಣಿಸಲಾರೆ.

ಯಾರೂ ಬಗ್ಗಿ ನೋಡಲಿಲ್ಲ. ಮೊದಲು ಬಂದವಳು ಅವ್ವ. ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ ಕಟ್ಟೆಗೆ ಎದೆ ಒತ್ತಿ ಬಾವಿಯೊಳಗೆ ಕೂಗಿದಳು.

“ಅಳ್ಯಾರ! ಅಳ್ಯಾರ, ಅದೀರೇನ್ರಿ?”

ಧೂಳು ಮೇಲೇಳುತ್ತಿತ್ತು. ಅವ್ವ ಮತ್ತೆ ಕೂಗಿದಳು.

“ಅದೀನ್ರಿ ಅತ್ತಿ,” ಎಂದು ಕೆಳಗಿನಿಂದ ದನಿ ಬಂತು. “ಸಂದ್ಯಾಗ ಅದೀನಿ. ಯಾಕ ಸದ್ದ ಬರ್ಲಿಲ್ಲ? ಬುಟ್ಟಿ ಹೊಂಟೈತೋ, ಮುಟ್ಟೈತೋ ಗೊತ್ತಾಗ್ಲಿಲ್ಲ. ಅದಕ್ಕ ಇಲ್ಲೇ ನಿಂತೆ.”

ಬಾವಿಯ ಗೋಡೆಯಲ್ಲಿ ಒಬ್ಬರು ನಿಲ್ಲುವಷ್ಟು ಬಂಡೆ ಕೊರೆದು ಸಂದಿ ಮಾಡಿದ್ದರು. ಬುಟ್ಟಿ ಏರುವಾಗ ಮಾಮ ಅಲ್ಲಿ ನಿಲ್ಲುತ್ತಿದ್ದ. ಟಕ್ ಟಕ್ ನಿಂತರೆ ಬುಟ್ಟಿ ಮೇಲೆ ಮುಟ್ಟಿತೆಂದು ತಿಳಿದು ನಡುವೆ ಬಂದು ಕೆಲಸ ಹಿಡಿಯುತ್ತಿದ್ದ. ನಮಗೆ ಬರೀ ಸದ್ದಾಗಿದ್ದದ್ದು ಅವನಿಗೆ ಸುದ್ದಿಯಾಗಿತ್ತು. ಅಂದು ಅದು ಶುರುವೇ ಆಗಲಿಲ್ಲವಾದ್ದರಿಂದ ನಿಂತದ್ದೂ ತಿಳಿಯಲಿಲ್ಲ. ಹೀಗಾಗಿ ಅವನು ಉಳಿದ.

ಅವ್ವ ಅರಿವೆ ಬಿಚ್ಚಲು ಹೋದಳು. ಗಂಟು ಬಿಗಿದಿತ್ತು. ಬಗ್ಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತುಟಿಗೆ ಎಣ್ಣೆಯ ಮಸಿ ಹತ್ತಿತು. ಬುಟ್ಟಿಯ ಒಂದು ಮಗ್ಗುಲು ತಗ್ಗಾಗಿತ್ತೇ ಹೊರತು ಹಗ್ಗ, ಕೊಂಡಿ ಗಟ್ಟಿಯಿದ್ದವು. ಮಾಮ ಕಲ್ಲು ಸುರಿದು ಅದರಲ್ಲೇ ಕುಳಿತು, “ಹೂಂ, ಎಳೀರಿ” ಎಂದ.

ಟಕ್. ಟಕ್. ಟಕ್.

ಒಳಗೆ ಕೂಸು ಬೆಚ್ಚಿ ಕಿರುಚಿತು. ಏನಾಯಿತೆಂದು ತಿಳಿಯದ ಅಕ್ಕ ಕೋಣೆಯಿಂದಲೇ ಕೂಗಿದಳು: “ಅವ್ವಾ, ಕೂಸು ಎದ್ದೈತಿ. ಒಂದೀಟು ನಿಲ್ಸಾಕ ಹೇಳ್ಬೇ!”

“ಅಳ್ಲಿ ಬಿಡವ್ವಾ,” ಎಂದಳು ಅವ್ವ. ಅವಳ ಕಣ್ಣು ಆ ಕಬ್ಬಿಣದ ತುಂಡಿನ ಮೇಲೆಯೇ ಇತ್ತು. “ಅಳ್ಲಿ.”

ಮಾಮನ ತಲೆ ಕಟ್ಟೆಯ ಮೇಲೆ ಕಂಡಿತು. ಕುತ್ತಾ ಕಚ್ಚಿ ನಿಂತಿತ್ತು. ಆದರೂ ಅಪ್ಪನಾಗಲಿ ಆಳಾಗಲಿ ಹಿಡಿಕೆ ಬಿಡಲಿಲ್ಲ. ಕೈ ಚಾಚಿ ಬುಟ್ಟಿಯನ್ನು ದಂಡೆಗೆ ಎಳೆದವಳು ಅವ್ವ.