ಬಟ್ ಅಂದರೆ ಆದರೆ

ಆಗ ಹೈದರಾಬಾದಿನಲ್ಲಿ ಯಾರನ್ನು ಕೇಳಿದರೂ ಯಾವುದೋ ಒಂದು ಕೋರ್ಸು ಮಾಡುತ್ತಿದ್ದರು. ಮಾಧಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಾನು ದಿನಾ ಮಧ್ಯಾಹ್ನ ಮೆಹದಿಪಟ್ಟಣಂನಲ್ಲಿ ಬಸ್ಸು ಹಿಡಿದು ಅಮೀರ್‌ಪೇಟೆಗೆ ಇಂಗ್ಲಿಷ್ ಕಲಿಯಲು ಹೋಗುತ್ತಿದ್ದೆ. ಕಿಟಕಿಗೆ ತಲೆ ಆನಿಸಿ ಕೂತರೆ ಅರ್ಧ ನಿದ್ದೆ, ಅರ್ಧ ಕನಸು. ಕನಸಿನಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಲಿಫ್ಟಿನಲ್ಲಿ ಮೇಲೆ ಮೇಲೆ ಹೋಗುತ್ತಲೇ ಇರುತ್ತಿದ್ದೆ. ಎಷ್ಟು ಹೋದರೂ ಮಹಡಿಗಳು ಮುಗಿಯುತ್ತಿರಲಿಲ್ಲ.

ಇಂಗ್ಲಿಷ್ ಮೇಷ್ಟ್ರು ಒಂದು ವಾರವಿಡೀ ‘ಬಟ್’ ಪದವನ್ನೇ ಅರೆದು ಕುಡಿಸಿದರು. ಬಟ್ ಬಂತೆಂದರೆ ಹಿಂದೆ ಹೇಳಿದ್ದಕ್ಕೆ ವಿರುದ್ಧವಾದದ್ದು ಮುಂದೆ ಕಾದಿದೆ, ಹುಷಾರಾಗಿರಿ ಎಂದರು. ‘ಅವನು ಬಡವ, ಬಟ್ ಪ್ರಾಮಾಣಿಕ’ ಎಂಬುದು ಅವರ ಉದಾಹರಣೆ. ಬಡವ ಪ್ರಾಮಾಣಿಕನಾಗಿದ್ದರೆ ಅದರಲ್ಲಿ ವಿರುದ್ಧವೇನು ಬಂತು ಎಂದು ನನಗೆ ಸಿಟ್ಟು ಬಂತು. ಕೇಳಲು ಇಂಗ್ಲಿಷ್ ಸಾಲಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಬಟ್ ಅಂದರೆ ಆದರೆ’ ಎಂದು ಬರೆದು ಅಡಿಗೆರೆ ಎಳೆದೆ.

ಆ ತಿಂಗಳೇ ಒಂದು ಕಂಪನಿಯಿಂದ ಕೆಲಸದ ಪತ್ರ ಬಂತು. ಸೋಮವಾರ ಸೇರಬೇಕು. ಮಳೆಗಾಲದಲ್ಲಿ ಕಾಮಾಲೆಯಾಗಿ ಮಲಗಿದ್ದ ನಾನು ಪೂರ್ತಿ ಚೇತರಿಸಿಕೊಂಡಿರಲಿಲ್ಲ, ಆದರೂ ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಪ್ಪ ಕಲಬುರ್ಗಿ ಕಡೆಯವರು, ಸರ್ಕಾರಿ ಕಚೇರಿಯ ಗುಮಾಸ್ತರು, ಮಾತು ಬಲು ಕಡಿಮೆ. ಪತ್ರವನ್ನು ಎರಡು ಸಲ ಓದಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ “ಹೋಗವ್ವಾ, ಆದ್ರ…” ಎಂದರು. ಕೆಳಗೆ ಕಚೇರಿಯ ಜೊತೆಗಾರರ ಸ್ಕೂಟರು ಹಾರ್ನ್ ಹೊಡೆಯಿತು. ದಡದಡ ಇಳಿದು ಹೋದರು.

ಉಳಿದ ವಾಕ್ಯಕ್ಕೆ ನಾನು ಕಾದೆ. ಸಂಜೆ ಬಂದರು, ಉಂಡರು, ಏನೂ ಹೇಳಲಿಲ್ಲ. ಕೊನೆಗೆ ನಾನೇ ವಾಕ್ಯ ತುಂಬಿಸತೊಡಗಿದೆ. ಆದರೆ ದೂರ. ಆದರೆ ಮದುವೆಯ ವಯಸ್ಸು. ಆದರೆ ಜನ ಏನಂದಾರು. ಬೇಡ ಎಂಬ ಮಾತನ್ನು ಅಪ್ಪನ ಬಾಯಿಂದಲೇ ಕೇಳುವುದು ಬೇಡವೆಂದು ಕಂಪನಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. ಸೋಮವಾರ ಮನೆಯಲ್ಲೇ ಇದ್ದೆ. ಅಪ್ಪ ನೋಡಿದರು, ಆಗಲೂ ಸುಮ್ಮನಿದ್ದರು. ನೋಡಿದೆಯಾ, ಇದೇ ಬೇಕಾಗಿತ್ತು ಇವರಿಗೆ ಎಂದು ಹಲ್ಲು ಕಚ್ಚಿದೆ.

ಹತ್ತು ದಿನವಾಗಿರಬೇಕು. ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಕಟ್ಟಡ ಕೆಲಸದ ಇಬ್ಬರು ಹೆಂಗಸರು ನಿಂತಿದ್ದರು, ಯಾದಗಿರಿ ಕಡೆಯ ಮಾತು. ಒಬ್ಬಳು ಬಸ್ಸು ಹತ್ತುತ್ತಾ “ನಾಳಿ ನೀನೂ ಬಾ ಯಕ್ಕಾ, ಆದ್ರ!” ಎಂದು ಕೂಗಿದಳು. ಬಸ್ಸು ಹೊರಟಿತು. ಕೆಳಗಿದ್ದವಳು “ಆತು” ಎಂದು ತಲೆಯಾಡಿಸಿ, ಬುಟ್ಟಿ ಎತ್ತಿಕೊಂಡು ನಡೆದಳು. ಯಾವ ಉಳಿದ ವಾಕ್ಯಕ್ಕೂ ಅವಳು ಕಾಯಲಿಲ್ಲ. ಆದ್ರ ಬಾ, ಬರಲಿಕ್ಕೆ ಆದರೆ ಬಾ. ಅಷ್ಟೇ.

ಹುಟ್ಟಿದಾಗಿನಿಂದ ಕೇಳಿದ ಮಾತು! ಅದನ್ನು ನಾನು ಇಂಗ್ಲಿಷಿನ ಕಿವಿಯಿಂದ ಕೇಳಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ದಿನ ಕ್ಲಾಸಿಗೆ ಹೋಗದೆ ಮನೆಗೆ ವಾಪಸ್ಸಾದೆ, ಅಪ್ಪ ಬರುವವರೆಗೆ ಮೆಟ್ಟಿಲ ಮೇಲೆ ಕೂತೆ.

“ಅಪ್ಪಾ, ಅವತ್ತ ಹೋಗು, ಆದ್ರ ಅಂದ್ರಲ್ಲ, ಮುಂದ ಏನಿತ್ರಿ?”

“ಮುಂದೇನಿತ್ತವ್ವಾ? ಜಡ್ಡಿನಿಂದ ಎದ್ದಾಕಿ, ನಿನ್ನ ಕೈಲೆ ಆದ್ರ ಹೋಗು ಅಂದೆ. ನೀ ಹೋಗ್ಲಿಲ್ಲ. ಮೈಯಾಗ ಇನ್ನೂ ತ್ರಾಣ ಇಲ್ಲೇನೋ ಅಂತ ನಾ ಕೇಳ್ಲಿಲ್ಲ.”

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾ, ನನ್ನ ಕಡೆ ನೋಡದೆ ಹೇಳಿದರು:

“ಅವತ್ತ ಆಫೀಸಿನ್ಯಾಗ ಎಲ್ಲಾರಿಗೂ ಪೇಢೆ ಹಂಚಿಬಿಟ್ಟಿದ್ದೆ.”