ಹಂಚಿನ ಬಣ್ಣದ ಹುಬ್ಬು

ಮರೂನ್ ಬಣ್ಣದಲ್ಲಿ ನಲವತ್ತು ಬಗೆ ಉಂಟು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ನಂಬುತ್ತೇನೆ, ಎಣಿಸಿದವನು ನಾನೇ ಆದ್ದರಿಂದ. ಮಂಗಳೂರಿನ ಕಂಕನಾಡಿಯಲ್ಲಿ ಮೂವತ್ತೆರಡು ವರ್ಷಗಳಿಂದ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಹೆಂಗಸರು ತಂದ ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ಹುಡುಕಿ ಕೊಡುವುದು ನನ್ನ ಕಸುಬು. ಅದನ್ನು ನಾನು ಹೈಕೋರ್ಟಿನ ಗಾಂಭೀರ್ಯದಿಂದ ನಡೆಸಿಕೊಂಡು ಬಂದಿದ್ದೇನೆ. ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ. ಆದ್ದರಿಂದ ಸೀರೆಯನ್ನೂ ಬಟ್ಟೆಯನ್ನೂ ಅಂಗಡಿಯ ಮೆಟ್ಟಿಲಿಗೆ ತಂದು, ಹಗಲಿನ ಬೆಳಕಿಗೆ ಹಿಡಿದು, ಆಮೇಲೆಯೇ ತೀರ್ಪು ಕೊಡುವುದು ನನ್ನ ಪದ್ಧತಿ. ನನ್ನ ತೀರ್ಪಿನ ಮೇಲೆ ಈವರೆಗೆ ಮೇಲ್ಮನವಿ ಬಂದದ್ದಿಲ್ಲ.

ಇಂಥ ನಾನು, ದಿನವೂ ಎದುರಿಗೆ ಕುಳಿತು ದೋಸೆ ತಿನ್ನುವ ಹೆಂಡತಿಯ ಹುಬ್ಬು ಕಾಫಿಪುಡಿಯ ಬಣ್ಣದಿಂದ ಮಂಗಳೂರು ಹಂಚಿನ ಬಣ್ಣಕ್ಕೆ ತಿರುಗಿದ್ದನ್ನು ಗಮನಿಸಲೇ ಇಲ್ಲ. ಇದನ್ನು ಅಭಿಮಾನದಿಂದ ಹೇಳುತ್ತಿಲ್ಲ. ಅಭಿಮಾನ ಮುಂದೆ ಬರುತ್ತದೆ.

ನನ್ನ ಹೆಂಡತಿ ಸುಮತಿ ಕುದ್ರೋಳಿಯ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ನಲವತ್ತು ಮಕ್ಕಳ ತರಗತಿಯನ್ನು ಬೆತ್ತವಿಲ್ಲದೆ ಆಳುವವರಿಗೆ ಹುಬ್ಬೇ ಆಯುಧ. ಎಡ ಹುಬ್ಬು ಅರ್ಧ ಇಂಚು ಮೇಲೆ ಹೋದರೆ ಸಾಕು, ಹಿಂದಿನ ಬೆಂಚು ತಣ್ಣಗಾಗುತ್ತದೆ. ಆದರೆ ದೇವರು ಅವಳಿಗೆ ಹುಬ್ಬನ್ನು ಕೊಡುವಾಗ ಬಹಳ ಕೈ ಬಿಗಿಹಿಡಿದ. ನಮ್ಮ ಮನೆಯಿರುವ ಕುಲಶೇಖರದಲ್ಲಿ ಬಸ್ಸು ಹತ್ತುವ ಮೊದಲು ಪೆನ್ಸಿಲಿನಿಂದ ಬರೆದುಕೊಂಡದ್ದು ಕುದ್ರೋಳಿಯಲ್ಲಿ ಇಳಿಯುವಷ್ಟರಲ್ಲಿ ನಮ್ಮೂರ ಬೆವರಿಗೆ ಕರಗಿ, ಆಯುಧ ಕೆನ್ನೆಯವರೆಗೆ ಬಂದಿರುತ್ತಿತ್ತು. ಏಳು ವರ್ಷದ ಹಿಂದೆ ಅವಳು ಒಂದು ಪಾರ್ಲರಿಗೆ ಹೋಗಿ ಸೂಜಿಯಿಂದ ಹುಬ್ಬು ಬರೆಸಿಕೊಂಡು ಬಂದಳು. ಮೂರು ವರ್ಷ ನಿಲ್ಲುತ್ತದೆ, ಮತ್ತೆ ತಾನಾಗಿಯೇ ಹೋಗುತ್ತದೆ ಎಂದಿದ್ದರಂತೆ. ಅರೆ ಶಾಶ್ವತ ಎಂದು ಅದರ ಹೆಸರು.

ನಮ್ಮ ಹಿರಿಯರು ಜಗತ್ತನ್ನೆಲ್ಲ ಜಾಲಾಡಿ ನಿತ್ಯ, ಅನಿತ್ಯ ಎಂದು ಎರಡೇ ವಿಭಾಗ ಮಾಡಿದರು. ಬ್ರಹ್ಮ ಒಂದರಲ್ಲಿ, ನಾವೂ ನಮ್ಮ ಅಂಗಡಿಗಳೂ ಇನ್ನೊಂದರಲ್ಲಿ. ಪಾರ್ಲರಿನವರು ಮೂರನೆಯದನ್ನು ಕಂಡುಹಿಡಿದಿದ್ದಾರೆ: ಇರಬೇಕೆಂದಾಗ ನಿಲ್ಲದ, ಹೋಗಬೇಕೆಂದಾಗ ಹೊರಡದ ತತ್ತ್ವ. ಬಟ್ಟೆಯವನಾಗಿ ನಾನು ಇದನ್ನು ವಿವರಿಸಬಲ್ಲೆ. ಕಂದು ಎನ್ನುವುದು ಒಂದು ಬಣ್ಣವಲ್ಲ, ಹಲವು ಬಣ್ಣಗಳ ಕೂಟ. ಊಟ ಮುಗಿದ ಮದುವೆ ಛತ್ರದಿಂದ ನೆಂಟರು ಹೊರಡುವ ಹಾಗೆ ಅವು ಒಂದೊಂದಾಗಿ ಎದ್ದು ಹೋಗುತ್ತವೆ. ಕೊನೆಗೂ ಏಳದೆ ಕುರ್ಚಿ ಹಿಡಿದು ಕೂತ ನೆಂಟ ಕೆಂಪು.

ನನ್ನ ಕಣ್ಣು ತೆರೆಸಿದ್ದು ಒಬ್ಬ ಗಿರಾಕಿ. ಸೆಪ್ಟೆಂಬರಿನ ಒಂದು ಶನಿವಾರ, ಮಧ್ಯಾಹ್ನಕ್ಕೆ ಶಾಲೆ ಮುಗಿಸಿ ಸುಮತಿ ಅಂಗಡಿಗೆ ಬಂದಿದ್ದಳು. ನಾನು ಮೆಟ್ಟಿಲಲ್ಲಿ ನಿಂತು ಒಬ್ಬ ಹೆಂಗಸಿಗೆ ಏಳನೆಯ ಪೀಸು ತೋರಿಸುತ್ತಿದ್ದೆ.

"ಇದಲ್ಲ ಮಾರಾಯ್ರೆ, ಇನ್ನು ಸ್ವಲ್ಪ ಕೆಂಪು ಬೇಕು," ಎಂದ ಆಕೆಯ ಕಣ್ಣು ಸುಮತಿಯ ಮೇಲೆ ನಿಂತಿತು. "ಹಾಂ, ನೋಡಿ! ಟೀಚರ ಹುಬ್ಬಿನ ಕಲರ್. ಕರೆಕ್ಟ್ ಅದೇ!"

ಪಾಪ, ಆಕೆಯ ಮನಸ್ಸಿನಲ್ಲಿ ಬ್ಲೌಸು ಬಿಟ್ಟು ಬೇರೇನೂ ಇರಲಿಲ್ಲ. ನಾನು ನೋಡಿದೆ. ಹಗಲಿನ ಬೆಳಕು ಇತ್ತು, ಕೈಯಲ್ಲಿ ಬಟ್ಟೆ ಇತ್ತು. ನಾಚಿಕೆಗೇಡಿನ ಸಂಗತಿಯೆಂದರೆ, ಹೌದು, ಸರಿಯಾಗಿ ಅದೇ ಬಣ್ಣ.

ಸುಮತಿ ನೆಟ್ಟಗೆ ಮನೆಗೆ ಹೋದಳು. ಸಂಜೆ ನಾನು ಸಮಾಧಾನಕ್ಕೆ ಹೊರಟಾಗ ಹೇಳಿದಳು.

"ಮಕ್ಕಳು ಎರಡು ವರ್ಷದಿಂದ ಕೇಳ್ತಾ ಇದ್ದಾರೆ, ಟೀಚರ್, ಅಲ್ಲಿ ಗಾಯ ಆದದ್ದಾ ಅಂತ. ನಿಮಗೊಬ್ಬರಿಗೆ ಕಾಣ್ಲಿಲ್ಲ."

"ನಾನು ಬಟ್ಟೆ ನೋಡುವವ," ಎಂದೆ.

"ಹೌದು. ನಾನು ಬಟ್ಟೆ ಆಗಿದ್ರೆ ಕಾಣ್ತಿತ್ತು."

ವಿಷಯ ಅಷ್ಟಕ್ಕೇ ನಿಂತಿದ್ದರೆ ನಾನು ಸೋಲೊಪ್ಪಿ ಸುಮ್ಮನಾಗುತ್ತಿದ್ದೆ. ಆದರೆ ಮಾರ್ಚಿಗೆ ಅವಳ ನಿವೃತ್ತಿ. ಆ ಶಾಲೆಯಲ್ಲಿ ನಿವೃತ್ತರಾಗುವ ಮುಖ್ಯೋಪಾಧ್ಯಾಯಿನಿಯನ್ನು ಅಂಗಳದ ಬಿಸಿಲಿನಲ್ಲಿ ಮಕ್ಕಳ ನಡುವೆ ಕೂರಿಸಿ ಫೋಟೊ ತೆಗೆದು, ಆಫೀಸಿನ ಗೋಡೆಗೆ ಹಾಕುವ ಪದ್ಧತಿ. ಅಲ್ಲಿ ಈಗಾಗಲೇ ಏಳು ಮಂದಿ ಇದ್ದಾರೆ. ಎಂಟನೆಯ ಮೊಳೆಯನ್ನೂ ಹೊಡೆದಿಟ್ಟಿದ್ದಾರೆ. ಮೂವತ್ತಾರು ವರ್ಷ ಪಾಠ ಮಾಡಿದ ಹೆಂಗಸು ಆ ರಾತ್ರಿ ಹೇಳಿದಳು: "ಆ ಮೊಳೆ ಖಾಲಿ ಇರ್ಲಿ. ನಾನು ಫೋಟೊಕ್ಕೆ ಕೂರುದಿಲ್ಲ."

ಹೀಗೆ ನಾವು ಶಮೀಮಳಲ್ಲಿಗೆ ಹೋದೆವು. ಅವಳು ಕುದ್ರೋಳಿಯ ಹುಡುಗಿ, ಸುಮತಿಯ ಹಳೆಯ ವಿದ್ಯಾರ್ಥಿನಿ. ಅವಳ ಉಮ್ಮ, ಅಂದರೆ ತಾಯಿ, ನನ್ನ ಹಳೆಯ ಗಿರಾಕಿ. ಶಾರ್ಜಾದ ಸಲೂನೊಂದರಲ್ಲಿ ಕೆಲಸ ಕಲಿತು ಬಂದು, ನನ್ನ ಅಂಗಡಿಯಿಂದ ಎರಡು ಕಟ್ಟಡದಾಚೆ ಕೋಣೆ ಹಿಡಿದಿದ್ದಾಳೆ. ನಾನು ಶೇಡ್ ಕಾರ್ಡು ಹಿಡಿದುಕೊಂಡೇ ಹೋಗಿದ್ದೆ. ಕೆಂಪಿನ ಮೇಲೆ ತುಸು ಹಸಿರು ಸೇರಿಸಿದರೆ ಕಂದು ಬರುತ್ತದೆ, ಇಂಥ ಹಸಿರು ಎಂದು ಬೆರಳಿಟ್ಟೇ ತೋರಿಸಿದೆ.

"ನಾನು ಹಾಕುದಿಲ್ಲ ಅಂಕಲ್, ತೆಗೆಯುದು ಮಾತ್ರ," ಎಂದಳು ಶಮೀಮ. "ಹಚ್ಚೆ ಹಾಕುದು ನಮ್ಮಲ್ಲಿ ಆಗುದಿಲ್ಲ ಅಂತ ಉಮ್ಮ ಹೇಳಿದ್ದಾರೆ. ತೆಗೀಲಿಕ್ಕೆ ಉಮ್ಮನ ಪರ್ಮಿಷನ್ ಉಂಟು."

"ಆದರೂ ಬಣ್ಣದ ಲೆಕ್ಕದಲ್ಲಿ..."

"ಮೇಲೆ ಹಾಕಿದ್ರೆ ಒಂದು ವರ್ಷ ಚಂದ ಕಾಣ್ತದೆ. ಮತ್ತೆ ಅಡಿಯದ್ದು ಮೇಲೆ ಬರ್ತದೆ. ಡೈಯ ಮೇಲೆ ಡೈ ಹಾಕ್ಬೇಡಿ ಅಂತ ನಮ್ಮ ಉಮ್ಮನಿಗೆ ಹೇಳಿದ್ದು ನೀವೇ ಅಲ್ವಾ? ನಾನು ಅಲ್ಲೇ ನಿಂತಿದ್ದೆ."

ಹೇಳಿದ್ದು ನಿಜ. ನನ್ನದೇ ತೀರ್ಪನ್ನು ನನ್ನ ವಿರುದ್ಧ ಉಲ್ಲೇಖಿಸಿದ ಮೊದಲ ವಕೀಲೆ ಅವಳು. ಶೇಡ್ ಕಾರ್ಡನ್ನು ಕಿಸೆಗೆ ಹಾಕಿಕೊಂಡೆ. ಆದರೆ ಮರುಗಳಿಗೆಯಲ್ಲಿ ಅವಳು ತೆಗೆಯುವ ವಿಧಾನವನ್ನು ಹೇಳಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಉಪ್ಪು! ಉಪ್ಪಿನ ದ್ರಾವಣವನ್ನು ಸಣ್ಣ ಸೂಜಿಯಿಂದ ಚರ್ಮದೊಳಗೆ ಇಳಿಸುವುದು. ಹಕ್ಕಳೆ ಕಟ್ಟಿ ಉದುರುವಾಗ ಅದು ಬಣ್ಣವನ್ನೂ ಎಳೆದುಕೊಂಡು ಹೋಗುವುದು. ಮೂವತ್ತೆರಡು ವರ್ಷ ಪ್ರತಿ ಹತ್ತಿ ಬಟ್ಟೆಯ ಜೊತೆ ನಾನು ಪುಕ್ಕಟೆಯಾಗಿ ಕೊಟ್ಟ ಉಪದೇಶ ಒಂದೇ: ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಹಾಕಿ, ಬಣ್ಣ ಗಟ್ಟಿಯಾಗುತ್ತದೆ. ಉಪ್ಪು ತಾಗಿದರೆ ಈ ಹಂಚು ಏಳೇಳು ಜನ್ಮಕ್ಕೂ ಹೋಗುವುದಿಲ್ಲವೆಂದು ನಾನು ಎಚ್ಚರಿಸಿದೆ, ಗಟ್ಟಿ ದನಿಯಲ್ಲೇ.

ಆಗಲೇ ಕಣ್ಣು ಮುಚ್ಚಿ ಮಲಗಿದ್ದ ಸುಮತಿ ಅಲ್ಲಿಂದಲೇ ಹೇಳಿದಳು: "ಶಮೀಮಾ, ಇವರನ್ನು ಹೊರಗೆ ಕೂರಿಸು. ಮಾತಾಡಿದವರ ಹೆಸರು ಬೋರ್ಡಿನಲ್ಲಿ ಬರಿ."

ಹೊರಗೆ ಕೂತೆ. ಬಾಗಿಲ ಸಂದಿಯಿಂದ ಕಂಡದ್ದು ಇಷ್ಟು: ಯಾರ ಕಾಪಿ ಪುಸ್ತಕದ ಸೊಟ್ಟ ಗೆರೆಗಳನ್ನು ಸುಮತಿ ತಿದ್ದಿದ್ದಳೋ, ಆ ಹುಡುಗಿ ಈಗ ಉಸಿರು ಬಿಗಿಹಿಡಿದು ಟೀಚರ ಮುಖದ ಗೆರೆಯ ಮೇಲೆ ಬಾಗಿದ್ದಳು. ಕೈ ಒಂದಿಷ್ಟೂ ಅಲುಗಲಿಲ್ಲ. ಅಂಥ ಕೈಯನ್ನು ತಯಾರು ಮಾಡಿದ ಹೆಂಗಸನ್ನು ಮದುವೆಯಾದವನು ನಾನು. ಅಭಿಮಾನ ಮುಂದೆ ಬರುತ್ತದೆ ಎಂದಿದ್ದೆನಲ್ಲ, ಬಂತು.

ಮೊದಲ ಸಲದ ಹಕ್ಕಳೆ ದಸರಾ ರಜೆಯಲ್ಲಿ ಮುಗಿಯಿತು, ಎರಡನೆಯದು ಕ್ರಿಸ್ಮಸ್ ರಜೆಯಲ್ಲಿ. ಮೂರನೆಯದಕ್ಕೆ, ಫೆಬ್ರವರಿಯಲ್ಲಿ, ರಜೆ ಇರಲಿಲ್ಲ. ಸುಮತಿ ಹಕ್ಕಳೆ ಹೊತ್ತುಕೊಂಡೇ ಶಾಲೆಗೆ ಹೋದಳು. ಒಂದನೇ ತರಗತಿ ಒಕ್ಕೊರಲಿನಿಂದ "ಎಂತ ಆಯ್ತು ಟೀಚರ್?" ಎಂದಾಗ, "ತಪ್ಪು ಬರೆದಿದ್ದೆ, ಅಳಿಸ್ತಾ ಇದ್ದೇನೆ," ಎಂದಳಂತೆ. ಮಕ್ಕಳಿಗೆ ಕೂಡಲೇ ಅರ್ಥವಾಯಿತು. ಒಬ್ಬಳು ಮರುದಿನ ತನ್ನ ರಬ್ಬರನ್ನು ತಂದು ಮೇಜಿನ ಮೇಲಿಟ್ಟಳು.

ಉಪ್ಪು ನನ್ನ ಮಾನ ತೆಗೆಯಿತು, ಬಣ್ಣವನ್ನೂ ತೆಗೆಯಿತು. ಪೂರ್ತಿ ಎನ್ನಲಾರೆ. ತಿಳಿದವರು ಹುಡುಕಿದರೆ ಹಾಲು ಹೆಚ್ಚಾದ ಚಹಾದ ಒಂದು ಛಾಯೆ ಸಿಕ್ಕೀತು.

ಫೋಟೊದ ದಿನ ಬೆಳಿಗ್ಗೆ ಸುಮತಿ ಸೀರೆ ಉಟ್ಟು ಹೊಸ್ತಿಲು ದಾಟಿ, ಮೆಟ್ಟಿಲಲ್ಲಿ, ಬೆಳಕಿಗೆ ಮುಖ ಮಾಡಿ ನಿಂತಳು. "ನೋಡಿ ಹೇಳಿ. ಪೆನ್ಸಿಲ್ ಬೇಕಾ?"

ಬಟ್ಟೆಗೆ ನನಗೆ ಅರ್ಧ ಕ್ಷಣ ಸಾಕು. ಆವತ್ತು ಬಹಳ ಹೊತ್ತು ಬೇಕಾಯಿತು. ತೆಳ್ಳಗಿನ ಎರಡು ಗೆರೆ, ಎಡಗಡೆ ಮೂರು ಬಿಳಿ ಕೂದಲು. ಮದುವೆಯಾದ ಹೊಸತರಲ್ಲಿ ಕಂಡ ಹುಬ್ಬುಗಳೇ. ಬಿಳಿಯದು ಮಾತ್ರ ನಂತರದ ಗಳಿಕೆ.

"ಬೇಡ," ಎಂದೆ.

ಅವಳು ಬಸ್ಸಿಗೆ ಹೊರಟಳು. ಪೆನ್ಸಿಲು ಕಿಟಕಿಯ ಅಂಚಿನಲ್ಲೇ ಉಳಿಯಿತು.

ಫೋಟೊ ಗೋಡೆಗೆ ಏರಿದ ಮೇಲೆ ಸುಮತಿಯ ಜೊತೆ ನೋಡಲು ಹೋದೆ. ಮೊದಲ ಇಬ್ಬರು ಕಪ್ಪು ಬಿಳುಪು. ಮುಂದಿನ ಕೆಲವರು ಬಣ್ಣದವರು, ಆದರೆ ವರ್ಷಗಳ ಬೆಳಕಿಗೆ ಅವರ ಮುಖ, ಸೀರೆ, ಹಿಂದಿನ ಮರ, ಮಕ್ಕಳು ಎಲ್ಲವೂ ಒಂದೇ ಸಮನಾಗಿ ಹಂಚಿನ ಬಣ್ಣಕ್ಕೆ ತಿರುಗಿದ್ದವು. ಅಲ್ಲಿಯೂ ಕೊನೆಗೆ ಕುರ್ಚಿ ಬಿಡದ ನೆಂಟ ಅವನೇ. ತಜ್ಞನಾಗಿ ಇದನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು.

"ಇಪ್ಪತ್ತು ವರ್ಷ ಹೋದ್ರೆ ನಿನ್ನದೂ ಹೀಗೇ ಆಗ್ತದೆ," ಎಂದೆ.

ಸುಮತಿಯ ಎಡ ಹುಬ್ಬು ಅರ್ಧ ಇಂಚು ಮೇಲೆ ಹೋಯಿತು. "ಆಗ್ಲಿ. ಆಗ ಹುಬ್ಬು ಮಾತ್ರ ಕೆಂಪು ಅಂತ ಯಾರೂ ಹೇಳುದಿಲ್ಲ. ಎಲ್ಲ ಮ್ಯಾಚ್ ಆಗ್ತದೆ."

ಮೂವತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ, ಈ ತೀರ್ಪಿಗೂ ಮೇಲ್ಮನವಿ ಇಲ್ಲ. ಆದರೂ ಯಾರೂ ನೋಡದಿದ್ದಾಗ ಎಂಟನೆಯ ಮೊಳೆಯಿಂದ ಫೋಟೊ ಇಳಿಸಿ, ಜಗಲಿಯ ಬಿಸಿಲಿಗೆ ಹಿಡಿದು, ಮತ್ತೊಮ್ಮೆ ನೋಡಿದೆ. ಆಫೀಸಿನೊಳಗೆ ಟ್ಯೂಬ್‌ಲೈಟು ಇತ್ತು. ಅದನ್ನು ನಂಬುವ ಅಭ್ಯಾಸ ನನಗಿಲ್ಲ.